ಕೊಳ್ಳದ ಗಿರಾಕಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಎಂಬ ಊರು ಸಿಗುತ್ತದೆ. ಆ ಕಾಲಕ್ಕೆ ಇಂಡಿ ತಾಲೂಕಿಗೆ ಸೇರಿತ್ತು. ಅಲ್ಲಿಂದ ಮುಂದೆ ಹೋಗಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಎಂಬತ್ತರ ದಶಕದ ಆರಂಭದಲ್ಲಿ ತಂದೆಯ ನೌಕರಿಯ ನಿಮಿತ್ತ ನಾವು ಎರಡು ವರ್ಷ ಅಲ್ಲಿದ್ದೆವು. ಆಗ ನಮ್ಮ ಜಿಲ್ಲೆ ಇನ್ನೂ ಬಿಜಾಪುರವೇ ಆಗಿತ್ತು. ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಬಸ್ಸುಗಳು ನಿಲ್ಲುವ ಕ್ರಾಸಿನಲ್ಲಿ ಚಹಾದಂಗಡಿಗೆ ಒತ್ತಿಕೊಂಡು ತಗಡಿನದೊಂದು ಡಬ್ಬಿ ಅಂಗಡಿ ಇತ್ತು. ಎಲೆ, ಅಡಿಕೆ, ತಂಬಾಕು, ಬೀಡಿ, ಪೆಪ್ಪರಮಿಂಟು ಮುಂದೆ. ಪಕ್ಕದಲ್ಲಿ ಕಟ್ಟಿದ ಹಗ್ಗದ ಮೇಲೆ ದಿನಪತ್ರಿಕೆಗಳು, ವಾರಪತ್ರಿಕೆಗಳು. ಅವುಗಳ ಕೆಳಗೆ ಒಂದು ಹಲಗೆಯ ಮೇಲೆ ಚಂದಮಾಮ, ಅದರ ಮರಾಠಿ ರೂಪವಾದ ಚಾಂದೋಬಾ, ಇಂದ್ರಜಾಲ ಕಾಮಿಕ್ಸಿನ ಹಿಂದಿ, ಮರಾಠಿ ಪ್ರತಿಗಳು, ಆಗೊಮ್ಮೆ ಈಗೊಮ್ಮೆ ಒಂದೆರಡು ಅಮರ ಚಿತ್ರಕಥೆ. ಅದನ್ನು ಯಾರೂ ಪುಸ್ತಕದಂಗಡಿ ಎಂದು ಕರೆಯುತ್ತಿರಲಿಲ್ಲ. ಆದರೆ ನಾನು ಕಂಡ ಮೊದಲ ಪುಸ್ತಕದಂಗಡಿ ಅದೇ.

ನಾನು ಆಗ ಐದನೆಯ ಇಯತ್ತೆಯಲ್ಲಿದ್ದೆ. ಕೈಯಲ್ಲಿ ಕಾಸಿಲ್ಲ. ಹಲಗೆಯ ಹತ್ತಿರ ಹೋಗಿ, ಬಸ್ಸು ಕಾಯುವವನಂತೆ ನಿಂತು, ಒಂದು ಚಿತ್ರದ ಪುಸ್ತಕವನ್ನು ಮೆಲ್ಲಗೆ ಎತ್ತಿಕೊಂಡೆ. ಅಂಗಡಿಯವರು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

“ತಮ್ಮಾ, ಭಜಿ ತಿಂದಿಯೇನು?”

“ಹೂಂ ರೀ ಕಾಕಾ.”

“ಹಂಗಾರ ಮೊದಲ ಕೈ ತೊಳ್ಕೊಂಡ್ ಬಾ. ಎಣ್ಣಿ ಕೈಲೆ ಮುಟ್ಟಿದ್ರ ಹಾಳಿ ಕೆಡ್ತಾವ.”

ಚಹಾದಂಗಡಿಯ ಬ್ಯಾರಲ್ಲಿನ ನೀರಿನಲ್ಲಿ ಕೈ ತೊಳೆದು, ಚಡ್ಡಿಗೆ ಒರೆಸಿಕೊಂಡು ಬಂದೆ. ಅವರು ಇನ್ನೆರಡು ಮಾತು ಹೇಳಿದರು. ಹಾಳೆ ಮಡಚಬಾರದು. ಓದುತ್ತಿರುವಾಗ ಯಾರಾದರೂ ಆ ಪುಸ್ತಕ ಕೊಳ್ಳಲು ಬಂದರೆ ಕೂಡಲೇ ಕೊಟ್ಟುಬಿಡಬೇಕು. ಅಷ್ಟೇ. ಕೊಳ್ಳುತ್ತೀಯಾ ಎಂದು ಅವರು ಕೇಳಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಮೂರನೆಯ ಕರಾರು ಒಮ್ಮೆ ನನ್ನ ಮೇಲೆ ನಿಜವಾಗಿಯೂ ಜಾರಿಯಾಯಿತು. ನಡಿಗೆಯ ಭೂತ ಎನಿಸಿಕೊಂಡ ಫ್ಯಾಂಟಮ್ ಕಾಡಿನ ಗುಹೆಯೊಂದರಲ್ಲಿ ಸಿಕ್ಕಿಬಿದ್ದಿದ್ದ. ಅಷ್ಟರಲ್ಲಿ ಸೊಲ್ಲಾಪುರದ ಬಸ್ಸಿನಿಂದ ಇಳಿದ ಒಬ್ಬರು ತಮ್ಮ ಮಗನಿಗೆಂದು ಅದೇ ಪುಸ್ತಕ ಕೇಳಿದರು. ಬೇರೆ ಪ್ರತಿ ಇರಲಿಲ್ಲ. ನಾನೇ ಎರಡೂ ಕೈಯಿಂದ ಎತ್ತಿ ಕೊಟ್ಟೆ. ಆ ಗುಹೆಯಿಂದ ಅವನು ಹೇಗೆ ಹೊರಗೆ ಬಂದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಈ ನೆನಪನ್ನು ಹೇಳುತ್ತಿರುವುದು ಬಾಲ್ಯದ ಸಿಹಿಗಾಗಿ ಅಲ್ಲ. ಅದರೊಳಗೆ ಒಂದು ಪ್ರಶ್ನೆ ಇದೆ, ಅದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಅಂಗಡಿಯವನು ಕೊಳ್ಳುವವನಿಗೆ ಏನೇನು ಸಲ್ಲಿಸಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತು ನಡೆದಿದೆ. ಸರಿಯಾದ ತೂಕ, ಸರಿಯಾದ ಬೆಲೆ, ಸರಿಯಾದ ಮಾಲು, ನಗುಮುಖ. ಆದರೆ ಕೊಳ್ಳದವನಿಗೆ, ಕೊಳ್ಳಲು ಆಗದವನಿಗೆ ಅವನು ಏನನ್ನಾದರೂ ಸಲ್ಲಿಸಬೇಕೇ? ಸಲ್ಲಿಸಬೇಕಾದರೆ ಅದು ಯಾವ ಬಾಬತ್ತಿನಲ್ಲಿ? ವ್ಯಾಪಾರದಲ್ಲೋ, ದಾನದಲ್ಲೋ?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ 2019ರ ಕಾಯ್ದೆಯಾಗಲಿ, ಪ್ರತಿಫಲ ಕೊಟ್ಟು ಅಥವಾ ಕೊಡುವ ಒಪ್ಪಂದದ ಮೇಲೆ ಸರಕನ್ನು ಕೊಂಡವನನ್ನೇ ಗ್ರಾಹಕ ಎನ್ನುತ್ತದೆ. ಹಲಗೆಯ ಮುಂದೆ ನಿಂತು ಪುಟ ತಿರುವುವ ಹುಡುಗ ಆ ವ್ಯಾಖ್ಯೆಯ ಹೊರಗೆ. ಪ್ರತಿ ಡಿಸೆಂಬರ್ 24ರಂದು ರಾಷ್ಟ್ರೀಯ ಗ್ರಾಹಕರ ದಿನ ಆಚರಿಸುತ್ತೇವಲ್ಲ, ಅದು ಅವನ ದಿನವಲ್ಲ.

ಅಂಗಡಿಗಳ ಗೋಡೆಯ ಮೇಲಿನ ಬೋರ್ಡುಗಳ ಉತ್ತರವೂ ಅದೇ. ಬ್ಯಾಂಕುಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ಗಾಂಧೀಜಿಯವರ ಹೆಸರಿನಲ್ಲಿ ಒಂದು ಮಾತು ತೂಗುತ್ತಿರುತ್ತದೆ. ಗ್ರಾಹಕನೇ ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ, ಅವನಿಂದಲೇ ನಾವು ಎಂಬ ಅರ್ಥದ್ದು. ಗಾಂಧೀಜಿ ಅದನ್ನು ಹೇಳಿದರೆನ್ನುವುದಕ್ಕೆ ನಂಬತಕ್ಕ ಆಧಾರ ಯಾರಿಗೂ ಸಿಕ್ಕಿಲ್ಲ ಎಂಬುದು ಬೇರೆ ಮಾತು. ಆದರೆ ಅದರ ಒಳಗಿನ ತರ್ಕವನ್ನು ನೋಡಿ: ಅವನು ಮುಖ್ಯ, ಏಕೆಂದರೆ ನಾವು ಅವನನ್ನು ಅವಲಂಬಿಸಿದ್ದೇವೆ. ಹಾಗಿದ್ದರೆ ನಾವು ಅವಲಂಬಿಸದವನು? ಅವನ ಬಗ್ಗೆ ಬೋರ್ಡು ಮೌನವಾಗಿದೆ.

ನಮ್ಮ ಭಾಷೆ ಮಾತ್ರ ಅಷ್ಟು ಜಿಪುಣವಲ್ಲ. ಗ್ರಾಹಕ ಎಂದರೆ ಹಿಡಿದುಕೊಳ್ಳುವವನು, ತೆಗೆದುಕೊಳ್ಳುವವನು. ಅದೇ ಮೂಲದಿಂದ ಬಂದದ್ದು ಗ್ರಹಿಸು ಎಂಬ ಮಾತು: ಅರ್ಥಮಾಡಿಕೊಳ್ಳುವುದು, ಮನಸ್ಸಿನಲ್ಲಿ ಹಿಡಿದುಕೊಳ್ಳುವುದು. ಪುಸ್ತಕವನ್ನು ಕೊಂಡು ಮನೆಯ ಕಪಾಟಿನಲ್ಲಿ ಇಟ್ಟವನು ಒಂದು ಅರ್ಥದಲ್ಲಿ ಗ್ರಾಹಕ. ಕೊಳ್ಳದೆ ನಿಂತು ಓದಿ ಅದನ್ನು ತಲೆಯಲ್ಲಿ ಹೊತ್ತುಕೊಂಡು ಹೋದವನು ಇನ್ನೊಂದು ಅರ್ಥದಲ್ಲಿ ಗ್ರಾಹಕ. ಬೇರೆ ಯಾವ ಅಂಗಡಿಯಲ್ಲೂ ಈ ತೊಡಕು ಇಲ್ಲ. ಜಿಲೇಬಿಯನ್ನು ನೋಡಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಪುಸ್ತಕವನ್ನು ನೋಡಿದರೆ, ಅದರಲ್ಲೂ ಚಿತ್ರಗಳ ಪುಸ್ತಕವನ್ನು ನೋಡಿದರೆ, ತುಂಬುತ್ತದೆ. ಇಂದ್ರಜಾಲದ ಒಂದು ಸಂಚಿಕೆಯನ್ನು ಮುಗಿಸಲು ಒಂದು ಬಸ್ಸು ಬಂದು ಇನ್ನೊಂದು ಬರುವಷ್ಟು ಹೊತ್ತು ಸಾಕು. ಆದ್ದರಿಂದ ಕಾಮಿಕ್ಸ್ ಮಾರುವವನ ಮುಂದೆ ಈ ನೈತಿಕ ಪ್ರಶ್ನೆ ದಿನಾಲೂ, ಚಡ್ಡಿ ಹಾಕಿಕೊಂಡು, ಬಂದು ನಿಲ್ಲುತ್ತದೆ.

ನಮ್ಮ ಕಡೆಯ ಅಂಗಡಿಯ ಮರ್ಯಾದೆಯೆಲ್ಲ ಒಂದು ಅಕ್ಷರದಲ್ಲಿದೆ. ಅದು ‘ರಿ’. “ಏನ್ ಬೇಕ್ರಿ?” ಎಂದು ಕೇಳುವುದಕ್ಕೂ “ಏನ್ ಬೇಕೋ?” ಎಂದು ಕೇಳುವುದಕ್ಕೂ ನಡುವೆ ಇರುವ ದೂರವನ್ನು ವಿಜಯಪುರ, ಕಲಬುರಗಿ, ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ‘ರಿ’ಯನ್ನು ಯಾರಿಗೆ ಹಚ್ಚಬೇಕು ಎಂದು ಅಂಗಡಿಯವನು ಅರೆಕ್ಷಣದಲ್ಲಿ ನಿರ್ಧರಿಸುತ್ತಾನೆ. ಚಪ್ಪಲಿ ನೋಡುತ್ತಾನೆ, ಅಂಗಿ ನೋಡುತ್ತಾನೆ, ಮೈಬಣ್ಣ ನೋಡುತ್ತಾನೆ, ಕೆಲವೊಮ್ಮೆ ತಲೆಯ ಮೇಲಿನ ಟೊಪ್ಪಿಗೆಯನ್ನೋ ಹಣೆಯನ್ನೋ ನೋಡುತ್ತಾನೆ. ಅಳೆದು ಮುಗಿಸಿದ ಮೇಲೆ ಬಾಯಿಂದ ಒಂದೋ ‘ರಿ’ ಬರುತ್ತದೆ, ಇಲ್ಲವೇ ‘ಲೇ’ ಬರುತ್ತದೆ. ತಕ್ಕಡಿಯಲ್ಲಿ ಮೋಸ ಮಾಡದವನೂ ಇಲ್ಲಿ ಮಾಡುತ್ತಾನೆ. ತೂಕದ ಕಲ್ಲಿಗೆ ಸರಕಾರದ ಮುದ್ರೆ ಇದೆ; ಈ ಅಕ್ಷರಕ್ಕೆ ಇಲ್ಲ.

ಹುಡುಗರಿಗೆ ‘ರಿ’ ಹಚ್ಚುವ ರೂಢಿ ನಮ್ಮಲ್ಲಿಲ್ಲ, ಅದು ಬೇಕೆಂದೂ ನಾನು ಹೇಳುವುದಿಲ್ಲ. ಝಳಕಿಯ ಕಾಕಾ ನನ್ನನ್ನು “ತಮ್ಮಾ” ಎಂದರು. ಅದರಲ್ಲಿ ‘ರಿ’ ಇರಲಿಲ್ಲ, ಆದರೆ ಅದು ಸಾಕಾಗಿತ್ತು.

ಅದು ಸಾಕಾಗಿತ್ತೆಂದು ತಿಳಿದದ್ದು ಎರಡು ವರ್ಷದ ನಂತರ. ತಂದೆಗೆ ವರ್ಗವಾಗಿ ದೊಡ್ಡ ಊರೊಂದಕ್ಕೆ ಹೋದೆವು. ಅಲ್ಲಿ ನಿಜವಾದ ಪುಸ್ತಕದಂಗಡಿಗಳಿದ್ದವು, ಗಾಜಿನ ಕಪಾಟುಗಳಿದ್ದವು. ಒಂದು ಅಂಗಡಿಯ ಕಟಕಟೆಯ ಮೇಲೆ ಅಮರ ಚಿತ್ರಕಥೆಯ ‘ಚಾಂದ್‌ಬೀಬಿ’ ಇಟ್ಟಿದ್ದರು. ಬಿಜಾಪುರದ ಅಲಿ ಆದಿಲ್‌ಶಾಹನ ಪತ್ನಿ. 1580ರಲ್ಲಿ ಅವನು ಸತ್ತ ಮೇಲೆ ಬಾಲಕ ಇಬ್ರಾಹಿಮನ ಹೆಸರಿನಲ್ಲಿ ನಮ್ಮ ರಾಜ್ಯವನ್ನು ನಡೆಸಿದವಳು. ಮುಂದೆ ಅಹಮದನಗರದ ಕೋಟೆಯಲ್ಲಿ ನಿಂತು ಮೊಗಲರ ಸೈನ್ಯವನ್ನು ತಡೆದವಳು. ನಮ್ಮ ಕಡೆಯ ರಾಣಿಯೊಬ್ಬಳು ಬಣ್ಣದ ಪುಸ್ತಕದಲ್ಲಿ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೈ ತೊಳೆದೇ ಇತ್ತು. ಅದು ಆಗಲೇ ರೂಢಿಯಾಗಿತ್ತು. ಪುಸ್ತಕ ತೆರೆದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅದು ಕೈಯಿಂದ ಜಗ್ಗಿ ಹೋಯಿತು. “ರೊಕ್ಕ ಅದಾವೇನಲೇ?” ಎಂದರು. ಇಲ್ಲವೆಂದೆ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನರಿದ್ದರು. ಅವರಲ್ಲೊಬ್ಬರು ನಕ್ಕರು. ನನಗೆ ಪುಸ್ತಕ ಹೋದದ್ದಕ್ಕಿಂತ ಆ ನಗು ಹೆಚ್ಚು ನಾಟಿತು.

ಅಂಗಡಿಯವರು ತಪ್ಪು ಮಾಡಿದರೇ? ಪುಸ್ತಕ ಅವರದು. ಮುಟ್ಟಬೇಡ ಎನ್ನುವ ಹಕ್ಕು ಅವರಿಗಿದೆ. ಅವರು ಮುಟ್ಟಬೇಡ ಎಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಕೇಳಿದ್ದು ಬೇರೆ: ಇಲ್ಲಿ ನಿಲ್ಲಲು ನಿನ್ನ ಯೋಗ್ಯತೆ ಏನು ಎಂದು. ಆ ಎರಡರ ನಡುವಿನ ಗೆರೆ ಸಣ್ಣದು, ಆದರೆ ನೀತಿಯೆಲ್ಲ ಆ ಗೆರೆಯ ಮೇಲೆಯೇ ನಿಂತಿದೆ ಎಂದು ನನಗೆ ಅನಿಸುತ್ತದೆ.

ಅಂಗಡಿಯನ್ನು ನೀತಿಶಾಸ್ತ್ರದೊಳಗೆ ತಂದವರಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ ಪ್ರಸಿದ್ಧ. 1785ರಲ್ಲಿ ಪ್ರಕಟವಾದ ನೀತಿಯ ತಳಹದಿಯ ಕುರಿತ ಪುಸ್ತಕದಲ್ಲಿ ಅವನು ಒಬ್ಬ ಕಿರಾಣಿಯವನ ಉದಾಹರಣೆ ಕೊಡುತ್ತಾನೆ. ಆ ವ್ಯಾಪಾರಿ ಎಲ್ಲರಿಗೂ ಒಂದೇ ಬೆಲೆ ಇಟ್ಟಿದ್ದಾನೆ. ಏನೂ ತಿಳಿಯದ ಮಗು ಬಂದರೂ ದೊಡ್ಡವರಷ್ಟೇ ನಿಶ್ಚಿಂತೆಯಿಂದ ಕೊಂಡು ಹೋಗಬಹುದು. ಒಳ್ಳೆಯದೇ. ಆದರೆ ಕಾಂಟ್ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಹಾಗೆ ಮಾಡುತ್ತಿರುವುದು ಪ್ರಾಮಾಣಿಕತೆ ಕರ್ತವ್ಯವೆಂದೋ, ಹೆಸರು ಕೆಟ್ಟರೆ ಗಿರಾಕಿ ತಪ್ಪುತ್ತದೆಂದೋ ಎಂದು ಕೇಳುತ್ತಾನೆ. ಲಾಭಕ್ಕಾಗಿ ಮಾಡಿದ ಪ್ರಾಮಾಣಿಕತೆಗೆ ನೈತಿಕ ಬೆಲೆ ಇಲ್ಲ ಎಂಬುದು ಅವನ ತೀರ್ಮಾನ.

ಈ ಉದಾಹರಣೆಯನ್ನು ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನನಗೆ ಝಳಕಿ ನೆನಪಾಯಿತು. ಜೊತೆಗೆ ಒಂದು ತಕರಾರೂ ಹುಟ್ಟಿತು. ಕಾಂಟನ ಮಗುವಿನ ಕೈಯಲ್ಲಿ ನಾಣ್ಯವಿದೆ. ನಾಣ್ಯವಿದ್ದವನ ಬಗ್ಗೆ ವ್ಯಾಪಾರಿಯ ಮನಸ್ಸು ಏನಿತ್ತೆಂದು ತಿಳಿಯುವುದು ಕಷ್ಟ. ಲಾಭವೂ ಕರ್ತವ್ಯವೂ ಒಂದೇ ಹಾದಿಯಲ್ಲಿ ಹೋಗುತ್ತಿವೆ. ನಾಣ್ಯವಿಲ್ಲದ ಮಗುವನ್ನು ಅಂಗಡಿಗೆ ಕಳಿಸಿ ನೋಡಿ, ಆಗ ಎರಡೂ ಹಾದಿ ಬೇರೆಯಾಗುತ್ತವೆ. ವ್ಯಾಪಾರಿಯ ನಯ ವಿನಯದ ನಿಜವಾದ ಪರೀಕ್ಷೆ ನಡೆಯುವುದು ಗಲ್ಲೆಯ ಮುಂದೆ ಅಲ್ಲ, ಹಲಗೆಯ ಮುಂದೆ.

ಆದರೆ ನನ್ನ ತಕರಾರಿನಲ್ಲೂ ಒಂದು ಹುಳುಕಿದೆ. ಕೈ ತೊಳೆಸಿದ್ದು ನನ್ನ ಮೇಲಿನ ಪ್ರೀತಿಗೋ, ಪುಸ್ತಕದ ಮೇಲಿನ ಕಾಳಜಿಗೋ? ಪತ್ರಿಕೆಗಳ ವ್ಯಾಪಾರ ಬಲ್ಲವರಿಗೆ ಇದರ ಲೆಕ್ಕ ಗೊತ್ತು. ಮಾರಾಟವಾಗದ ಪ್ರತಿಗಳನ್ನು ಏಜೆಂಟರಿಗೆ ವಾಪಸು ಕೊಡುವ ಪದ್ಧತಿ ಈ ಧಂದೆಯಲ್ಲಿ ಹಳೆಯದು. ವಾಪಸು ಹೋಗುವ ಪ್ರತಿ ಶುದ್ಧವಾಗಿದ್ದರೆ ನಷ್ಟವಿಲ್ಲ. ಎಣ್ಣೆಯ ಬೆರಳಚ್ಚು ಬಿದ್ದರೆ, ಹಾಳೆ ಹರಿದರೆ, ಅದರ ಬೆಲೆ ಅಂಗಡಿಯವನ ಕಿಸೆಯಿಂದ. ಎಂದರೆ ಶುದ್ಧ ಕೈಯ ಹುಡುಗ ಎಷ್ಟು ಓದಿದರೂ ಕಾಕಾಗೆ ಏನೂ ಖರ್ಚಾಗುತ್ತಿರಲಿಲ್ಲ. ಅವರ ಉದಾರತೆಗೆ ವ್ಯಾಪಾರದ ಪದ್ಧತಿಯೇ ಜಾಗ ಮಾಡಿಕೊಟ್ಟಿತ್ತು.

ಇದನ್ನು ಹೊರಗಿನ ದೇಶಗಳ ಅನುಭವ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಮೆರಿಕದಲ್ಲಿ ಬಹುಕಾಲ ಕಾಮಿಕ್ಸುಗಳು ಔಷಧಿ ಅಂಗಡಿ, ಪೇಪರ್ ಅಂಗಡಿಗಳ ತಿರುಗುವ ಸ್ಟ್ಯಾಂಡುಗಳಲ್ಲಿ ಮಾರಾಟವಾಗುತ್ತಿದ್ದವು, ಉಳಿದದ್ದು ವಾಪಸು. ಎಪ್ಪತ್ತರ ದಶಕದಲ್ಲಿ ಕಾಮಿಕ್ಸಿಗೇ ಮೀಸಲಾದ ಅಂಗಡಿಗಳು ಹಬ್ಬತೊಡಗಿದಾಗ ಪದ್ಧತಿ ಬದಲಾಯಿತು. ಅಂಗಡಿಯವನಿಗೆ ಹೆಚ್ಚಿನ ರಿಯಾಯಿತಿ ಸಿಕ್ಕಿತು, ಪ್ರತಿಯಾಗಿ ವಾಪಸು ಕೊಡುವ ಸೌಲಭ್ಯ ಹೋಯಿತು. ಉಳಿದ ಒಂದೊಂದು ಪ್ರತಿಯೂ ಅವನ ಸ್ವಂತ ನಷ್ಟ. ಮೇಲಾಗಿ ಅಲ್ಲಿ ಹಳೆಯ ಸಂಚಿಕೆಗಳನ್ನು ಸಂಗ್ರಹಿಸುವವರಿದ್ದಾರೆ, ಮೂಲೆ ಮಡಚಿದರೂ ಬೆಲೆ ಇಳಿಯುತ್ತದೆ. ಅಂಥ ಅಂಗಡಿಯವನು ಮಕ್ಕಳ ಕೈಯನ್ನು ಸಂಶಯದಿಂದ ನೋಡಿದರೆ ಅವನನ್ನು ಕಟುಕನೆನ್ನಲು ನನಗೆ ಮನಸ್ಸಾಗುವುದಿಲ್ಲ. ಜಪಾನಿನಲ್ಲಂತೂ ನಿಂತು ಓದುವುದಕ್ಕೆಂದೇ ಒಂದು ಶಬ್ದವಿದೆ, ತಾಚಿಯೋಮಿ. ಕೆಲವು ಅಂಗಡಿಗಳು ಅದನ್ನು ಸಹಿಸುತ್ತವೆ. ಉಳಿದವು ಚಿತ್ರಕಥೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಬಿಡುತ್ತವೆ. ಬೈಯುವ ಪ್ರಸಂಗವೇ ಬರುವುದಿಲ್ಲ. ಇದು ಸಭ್ಯವಾದ ದಾರಿ ಎಂದು ಒಪ್ಪುತ್ತೇನೆ, ಆದರೆ ನನಗೆ ಮೆಚ್ಚುಗೆಯಾಗಿಲ್ಲ.

ಹಾಗಾದರೆ ನಾವು ಸ್ವಭಾವ ಎಂದುಕೊಂಡದ್ದು ಬರೀ ಲೆಕ್ಕವೇ? ಪೂರ್ತಿ ಹಾಗಲ್ಲ. ಒಂದೇ ಪದ್ಧತಿಯಲ್ಲಿ ವ್ಯಾಪಾರ ಮಾಡುವ ಇಬ್ಬರು ಎರಡು ಬಗೆಯಾಗಿ ನಡೆದುಕೊಳ್ಳುವುದನ್ನು ನಾವು ನೋಡಿದ್ದೇವೆ. ಮುಂಬಯಿಯ ಸ್ಟ್ರ್ಯಾಂಡ್ ಬುಕ್ ಸ್ಟಾಲಿನ ಕಥೆ ಪುಸ್ತಕಪ್ರಿಯರಿಗೆ ಗೊತ್ತಿರುವುದೇ. ಅದನ್ನು ಕಟ್ಟಿದ ಟಿ.ಎನ್. ಶಾನಭಾಗರು ವಿದ್ಯಾರ್ಥಿಯಾಗಿದ್ದಾಗ ಪುಸ್ತಕದಂಗಡಿಯೊಂದರಲ್ಲಿ ಪುಟ ತಿರುವುತ್ತಾ ನಿಂತಿದ್ದಕ್ಕೆ ಅವಮಾನಿತರಾಗಿ ಹೊರಬಂದರಂತೆ. ಯಾರು ಬೇಕಾದರೂ ಪುಸ್ತಕ ಮುಟ್ಟಿ ನೋಡಬಹುದಾದ ಅಂಗಡಿಯನ್ನು ತಾನೇ ತೆರೆಯುತ್ತೇನೆ ಎಂಬ ಹಟ ಅಲ್ಲಿ ಹುಟ್ಟಿತು. 1948ರಲ್ಲಿ ಸ್ಟ್ರ್ಯಾಂಡ್ ಚಿತ್ರಮಂದಿರದ ಆವರಣದಲ್ಲಿ ಸಣ್ಣದಾಗಿ ಶುರುವಾದ ಆ ಅಂಗಡಿ 2018ರವರೆಗೆ ನಡೆಯಿತು. 2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಬಂಧುವೇ ಆದ ಟಿ.ಎಸ್. ಶಾನಭಾಗರು ಬೆಂಗಳೂರಿನಲ್ಲಿ 1971ರಿಂದ 2009ರವರೆಗೆ ಪ್ರೀಮಿಯರ್ ಬುಕ್‌ಶಾಪ್ ನಡೆಸಿದರು. ಒಬ್ಬರು ಹೋಗುವಾಗ ಇನ್ನೊಬ್ಬರು ಸರಿಯಬೇಕಾದಷ್ಟು ಇಕ್ಕಟ್ಟಿನ ಅಂಗಡಿ, ನೆಲದಿಂದ ಮಾಳಿಗೆಯವರೆಗೆ ಪುಸ್ತಕದ ಗುಡ್ಡ. ಅಲ್ಲಿ ತಾಸುಗಟ್ಟಲೆ ನಿಂತು ಓದಿ ಬರಿಗೈಯಲ್ಲಿ ಹೊರಬಂದವರು ಎಷ್ಟೋ ಜನ. ಕೇಳದೆಯೇ ರಿಯಾಯಿತಿ ಕೊಡುತ್ತಿದ್ದ ಆ ಮಿತಭಾಷಿಯನ್ನು, 2021ರಲ್ಲಿ ಅವರು ತೀರಿಕೊಂಡಾಗ, ಅಂಥವರೆಲ್ಲ ಕೃತಜ್ಞತೆಯಿಂದ ನೆನೆದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬರಬೇಕಾದದ್ದೇ. ಕೊಳ್ಳದೆ ಓದಲು ಸಮಾಜ ಗ್ರಂಥಾಲಯಗಳನ್ನು ಕಟ್ಟಿದೆಯಲ್ಲ? ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಬಂತು. ಎಲ್ಲರೂ ಸೇರಿ ಹೊರಬೇಕಾದ ಹೊರೆಯನ್ನು ಬೀಡಿ ಅಡಿಕೆ ಮಾರಿ ಬದುಕುವ ಒಬ್ಬನ ಹೆಗಲಿಗೆ ಏಕೆ ಏರಿಸಬೇಕು? ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಓದಿಸುವುದು ಅಂಗಡಿಯವನ ಕರ್ತವ್ಯವೆಂದು ನಾನು ವಾದಿಸಲಾರೆ. ಓದಲು ಬಿಡುವುದು ಅವನ ಇಷ್ಟ. ಬಿಡದಿದ್ದಾಗ ಹೇಗೆ ಬಿಡುವುದಿಲ್ಲ ಎಂಬುದು ಮಾತ್ರ ಅವನ ಇಷ್ಟಕ್ಕೆ ಸೇರಿದ್ದಲ್ಲ. ಪುಸ್ತಕದ ಒಡೆಯ ಅವನು, ಎದುರಿಗೆ ನಿಂತವನ ಮಾನಕ್ಕೆ ಒಡೆಯನಲ್ಲ.

ಇನ್ನು ನಿಂತು ಓದುವವನ ಪಾಲೂ ಒಂದಿದೆ. ಅದನ್ನು ಹೇಳದೆ ಹೋದರೆ ಈ ಲೇಖನ ಅಂಗಡಿಯವರ ಮೇಲಿನ ದೂರಾಗುತ್ತದೆ.

ಝಳಕಿಯಲ್ಲಿ ಒಂದು ಮಳೆಗಾಲದ ಸಂಜೆ ನಾನು ಒಂದು ಪುಸ್ತಕ ಹರಿದೆ. ಬೇಕೆಂದು ಅಲ್ಲ. ಮನೆಯವರು ಕರೆದದ್ದು ಕೇಳಿ ಗಡಿಬಿಡಿಯಲ್ಲಿ ಹಲಗೆಗೆ ಇಡಹೋದಾಗ ಮೊಳೆಗೆ ಸಿಕ್ಕಿ ಮುಖಪುಟ ನಡುವೆ ಸೀಳಿತು. ಕಾಕಾ ಆ ಕಡೆ ತಿರುಗಿ ಯಾರಿಗೋ ಎಲೆ ಕಟ್ಟುತ್ತಿದ್ದರು. ನಾನು ಅದನ್ನು ಉಳಿದ ಪುಸ್ತಕಗಳ ಕೆಳಗೆ ತುರುಕಿ ಓಡಿಬಿಟ್ಟೆ. ಹದಿನೈದು ದಿವಸ ಆ ಕಡೆ ಹಾಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಹಿಂದಿನ ಹೊಲದ ಬದುವಿನ ಮೇಲಿಂದ ಸುತ್ತಿ ಹೋಗುತ್ತಿದ್ದೆ. ಕೊನೆಗೆ ಒಂದು ದಿನ ತಂದೆ ಎಲೆ ತರಲು ಕಳಿಸಿದರು. ಹೋಗಲೇಬೇಕಾಯಿತು.

ಕಾಕಾ ಎಲೆ ಕಟ್ಟಿ ಕೊಟ್ಟರು. ನಂತರ ಹಿಂದಿನ ಡಬ್ಬಿಯಿಂದ ಆ ಪುಸ್ತಕ ತೆಗೆದರು. ಮುಖಪುಟಕ್ಕೆ ಗೋಂದು ಹಚ್ಚಿ ಕಾಗದ ಅಂಟಿಸಿತ್ತು.

“ಇದು ವಾಪಸ್ ಹೋಗಂಗಿಲ್ಲ ತಮ್ಮಾ. ಇನ್ನ ಇದು ನಿಂದ. ಎರಡು ರೂಪಾಯಿ. ಆದಾಗ ಆದಾಗ ಕೊಡು.”

ಹೀಗೆಂದು ಉದ್ರಿ ವಹಿ ತೆಗೆದು ನನ್ನ ಹೆಸರು ಕೇಳಿ ಬರೆದುಕೊಂಡರು. ತಂದೆಯ ಹೆಸರಲ್ಲ, ನನ್ನ ಹೆಸರು. ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆದಿದ್ದ ತಗಡಿನ ಕೆಳಗೇ ಕೂತು ಬರೆದರು. ತಂದೆಗೆ ಹೇಳುತ್ತೇನೆ ಎನ್ನಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ.

ಹೋಗಲಿ ಬಿಡು ಎಂದಿದ್ದರೆ? ಅದು ದಯೆಯಾಗುತ್ತಿತ್ತು, ನಾನು ಆ ದಯೆಯ ಕೆಳಗೆ ಸಣ್ಣವನಾಗಿಯೇ ಉಳಿಯುತ್ತಿದ್ದೆ. ತಂದೆಗೆ ಹೇಳಿದ್ದರೆ ರೊಕ್ಕ ಒಂದೇ ದಿನದಲ್ಲಿ ಬರುತ್ತಿತ್ತು, ನನ್ನ ಬೆನ್ನ ಮೇಲೆ ಒಂದೆರಡು ಗೆರೆಗಳೂ ಬರುತ್ತಿದ್ದವು. ಅವರು ಮೂರನೆಯ ದಾರಿ ಹಿಡಿದರು. ಹನ್ನೊಂದು ವರ್ಷದ ಹುಡುಗನನ್ನು ಸಾಲ ತೀರಿಸಬಲ್ಲ ಮನುಷ್ಯನೆಂದು ನಂಬಿದರು. ಕೈ ತೊಳೆದು ಬಾ ಎಂದದ್ದೂ ಇದೇ ಜಾತಿಯ ಮಾತಾಗಿತ್ತೆಂದು ನನಗೆ ಈಗ ತೋರುತ್ತದೆ. ಮರ್ಯಾದೆ ಎಂದರೆ ಎಲ್ಲವನ್ನೂ ಬಿಟ್ಟುಕೊಡುವುದಲ್ಲ, ಕರಾರು ಹಾಕಲು ಯೋಗ್ಯನೆಂದು ತಿಳಿಯುವುದೂ ಮರ್ಯಾದೆಯೇ. ಅವರ ಒಳಗೆ ಲಾಭದ ಲೆಕ್ಕ ಇತ್ತೋ ಇಲ್ಲವೋ ಎಂದು ಕಾಂಟ್ ಕೇಳಲಿ. ಎರಡು ರೂಪಾಯಿ ಅವರಿಗೆ ಬೇಕೇ ಇತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಬೇಕಾಗಿದ್ದೂ ಅವರು ಹಾಗೆ ಕೇಳಿದರು.

ಇಂದು ನಾವು ಗ್ರಾಹಕರಾಗಿ ಬಹಳ ಬಲಿಷ್ಠರಾಗಿದ್ದೇವೆ. ಅಂಗಡಿಯ ಹುಡುಗನಿಗೆ “ಏ ಹುಡುಗಾ” ಎನ್ನುತ್ತೇವೆ. ನಾವು ಒಳಗೆ ಕಾಲಿಟ್ಟಾಗ ಅವನು ‘ರಿ’ ಹಚ್ಚದಿದ್ದರೆ ಮಾಲೀಕನನ್ನು ಕರೆಸುತ್ತೇವೆ. ಊಟ ತಂದುಕೊಟ್ಟವನಿಗೆ, ಪಾರ್ಸೆಲ್ ತಂದುಕೊಟ್ಟವನಿಗೆ ಬೆರಳ ತುದಿಯಿಂದ ನಕ್ಷತ್ರಗಳನ್ನು ಹಂಚುತ್ತೇವೆ, ಎರಡು ನಕ್ಷತ್ರ ಕಡಿಮೆ ಮಾಡಿದರೆ ಅವನ ಸಂಜೆಯ ಗಳಿಕೆಗೆ ಏನಾಗುತ್ತದೆಂದು ಕೇಳುವುದಿಲ್ಲ. ಪುಸ್ತಕದ ವ್ಯಾಪಾರವೂ ಆ ಕಡೆಗೆ ಸರಿದಿದೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನೇ. ಪರದೆಯ ಮೇಲೆ ಅನೇಕ ಪುಸ್ತಕಗಳ ಮೊದಲ ಕೆಲವು ಪುಟಗಳನ್ನು ಯಾರು ಬೇಕಾದರೂ ಓದಬಹುದು. ಕೈ ತೊಳೆಯಬೇಕಿಲ್ಲ. ಯಾರೂ ಕಸಿದುಕೊಳ್ಳುವುದಿಲ್ಲ, ಯಾರೂ ನಗುವುದಿಲ್ಲ. ಯಂತ್ರವು ಕೊಳ್ಳುವವನನ್ನೂ ಕೊಳ್ಳದವನನ್ನೂ ಒಂದೇ ಬಗೆಯಲ್ಲಿ ಸ್ವಾಗತಿಸುತ್ತದೆ. ನನ್ನಂಥ ಹುಡುಗನಿಗೆ ಇದು ದೊಡ್ಡ ಬಿಡುಗಡೆ, ಅದನ್ನು ಹಳಹಳಿಕೆಯಿಂದ ಅಲ್ಲಗಳೆಯಬಾರದು. ಆದರೆ ನಿರಾಕರಿಸಲು ಬಾರದ ಯಂತ್ರದ ಸ್ವಾಗತ ಒಂದು ಸೌಲಭ್ಯ. ನಿರಾಕರಿಸಬಹುದಾಗಿದ್ದ ಒಬ್ಬ ಮನುಷ್ಯ ನಿರಾಕರಿಸದೇ ಇದ್ದುದು ಬೇರೆಯೇ ವಸ್ತು, ಅದಕ್ಕೆ ಯಾವ ಹೆಸರಿಡಬೇಕೋ ನನಗೆ ಹೊಳೆದಿಲ್ಲ.

ಚಿತ್ರದ ಪುಸ್ತಕಗಳ ಆ ಲೋಕವೂ ಈಗ ಬಹುಮಟ್ಟಿಗೆ ಮುಗಿದಿದೆ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಂತಿತು. ಚಂದಮಾಮ ನಿಂತಿತು, ಡಿಂಗನನ್ನು ಮನೆಮಾತು ಮಾಡಿದ ಬಾಲಮಂಗಳವೂ ನಿಂತಿತು. ಅಮರ ಚಿತ್ರಕಥೆ ಮಾತ್ರ ನಡೆದಿದೆ. ಅದರ ಇಂಗ್ಲಿಷ್ ಸಂಚಿಕೆಗಳ ಹಳೆಯ ಎಣಿಕೆ ಹನ್ನೊಂದರಿಂದ ಶುರುವಾಗುವುದು ಏಕೆಂದರೆ ಮೊದಲ ಹತ್ತು ಕನ್ನಡದಲ್ಲಿ ಬಂದಿದ್ದವು ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತಿದೆಯೋ. ಅದರ ಸಂಪಾದಕ ಅನಂತ ಪೈ ಅವರೂ ಕಾರ್ಕಳದಲ್ಲಿ ಹುಟ್ಟಿದವರೇ.

ಉದ್ರಿಯ ವಿಷಯ ಹೇಳುವುದಿತ್ತು. ಎರಡು ರೂಪಾಯಿಯಲ್ಲಿ ನಾನು ಒಂದು ರೂಪಾಯಿ ಇಪ್ಪತ್ತು ಪೈಸೆ ತೀರಿಸಿದ್ದೆ, ಹತ್ತು ಹತ್ತು ಪೈಸೆಯಾಗಿ. ಪ್ರತಿ ಸಲವೂ ಕಾಕಾ ವಹಿ ತೆಗೆದು ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ತಂದೆಗೆ ವರ್ಗವಾಯಿತು. ಹೊರಡುವ ದಿನ ಲಾರಿಯಲ್ಲಿ ಸಾಮಾನಿನ ಮೇಲೆ ಕೂತು ಕ್ರಾಸ್ ದಾಟಿದೆವು. ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಹೆದ್ದಾರಿ ನಾಲ್ಕು ಪಥದ್ದಾದ ಮೇಲೆ, ಸೊಲ್ಲಾಪುರಕ್ಕೆ ಹೋಗುವಾಗ ಝಳಕಿಯಲ್ಲಿ ಕಾರು ನಿಲ್ಲಿಸಿದೆ. ಹಳೆಯ ಡಬ್ಬಿ ಅಂಗಡಿಗಳು ಹೋಗಿದ್ದವು. ವಿಚಾರಿಸುತ್ತಾ ಹೋದಾಗ ಕಾಕಾರ ಮಗ ಸಿಕ್ಕರು. ಒಳರಸ್ತೆಯ ಮೇಲೆ ಮೊಬೈಲ್ ರಿಚಾರ್ಜ್ ಮಾಡುವ, ತಂಪು ಪಾನೀಯ ಮಾರುವ ಅಂಗಡಿ. ನಾನು ನನ್ನ ಪರಿಚಯ ಹೇಳಿ, ಎಂಬತ್ತು ಪೈಸೆಯ ಕಥೆಯನ್ನೂ ಹೇಳಿದೆ. ನಾನು ಕೊಡಬೇಕಾಗಿದ್ದ ಹತ್ತು 
ಪೈಸೆಯ ನಾಣ್ಯಗಳು 2011ರ ಜೂನ್ 30ರಿಂದಲೇ ಚಲಾವಣೆಯಲ್ಲಿಲ್ಲ, ಆದ್ದರಿಂದ ನೂರರ ಒಂದು ನೋಟು ತೆಗೆದಿದ್ದೆ. ಅವರು ಅದನ್ನು ನೋಡಿ ನಕ್ಕರು.

“ಅಪ್ಪನ ವಹಿ ಎಲ್ಲಾ ಗೆದ್ದಲ ತಿಂದಾವ್ರಿ. ಯಾವ ಹಾಳ್ಯಾಗ ಜಮಾ ಮಾಡ್ಲಿ ಇದನ್ನ?” ಎಂದರು. “ಬಿಸಲಾಗ ಬಂದೀರಿ. ಏನ್ ಕುಡೀತೀರಿ ಹೇಳ್ರಿ.”

ನೋಟು ಕಿಸೆಗೆ ಇಟ್ಟುಕೊಂಡೆ. ಅವರು ಸೋಡಾ ಒಡೆದು ಕೊಟ್ಟರು. ಅದರ ರೊಕ್ಕವನ್ನೂ ತೆಗೆದುಕೊಳ್ಳಲಿಲ್ಲ.